ಕಪ್ಪು ಪುಟ ಬೆಳ್ಳಗಾದದ್ದು

ಮಲೆನಾಡಿನಲ್ಲಿ ಚಳಿಗಾಲ ಬಂತೆಂದರೆ ಒಂದು ಕಡೆ ಅಡಿಕೆ ಕೊಯ್ಲಿನ ಗಡಿಬಿಡಿ, ಇನ್ನೊಂದು ಕಡೆ ಮಂಗನ ಕಾಯಿಲೆಯ ಅಂಜಿಕೆ. ನಾನು ಪಾಠ ಮಾಡುವ ಪ್ರೌಢಶಾಲೆ ಇರುವುದು ಸಾಗರ ತಾಲ್ಲೂಕಿನ ಒಳಭಾಗದಲ್ಲಿ. ಇಲ್ಲಿಯ ಮಕ್ಕಳಿಗೆ ಈ ಕಾಯಿಲೆ ಪುಸ್ತಕದಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಜನ ಜ್ವರದಿಂದ ಸತ್ತಾಗ ಇವರೆಲ್ಲ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳು. ದೊಡ್ಡವರು ಜಗಲಿಯ ಮೇಲೆ ದನಿ ತಗ್ಗಿಸಿ ಮಾತಾಡುತ್ತಿದ್ದುದು ಅವರಿಗೆ ನೆನಪಿದೆ.

ಹಾಗಾಗಿ ಹೋದ ವರ್ಷ ಒಂಬತ್ತನೇ ತರಗತಿಗೆ 'ಊರಿಗೆ ಉಪಯೋಗವಾಗುವ ಒಂದು ವೆಬ್ ಪುಟ ಮಾಡಿ' ಎಂದು ಕೆಲಸ ಕೊಟ್ಟಾಗ ಐದು ಮಕ್ಕಳ ಒಂದು ತಂಡ ಮಂಗನ ಕಾಯಿಲೆಯನ್ನೇ ಆರಿಸಿಕೊಂಡದ್ದು ನನಗೆ ಆಶ್ಚರ್ಯವಾಗಲಿಲ್ಲ. ಉಳಿದ ತಂಡಗಳು ಜೋಗದ ಜಲಪಾತ, ಊರ ಜಾತ್ರೆ, ಅಪ್ಪೆಮಿಡಿ ಉಪ್ಪಿನಕಾಯಿ ಎಂದು ಹಂಚಿಕೊಂಡವು. ನಾನು ವಿಜ್ಞಾನದ ಮೇಡಂ. ವಿಜ್ಞಾನ ಎಂದ ಮೇಲೆ ಕಂಪ್ಯೂಟರೂ ಇವರದೇ ಎಂದು ಯಾರೋ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಾರೆ. ನಮ್ಮ ಕಂಪ್ಯೂಟರ್ ಕೋಣೆಯಲ್ಲಿ ಎಂಟು ಕಂಪ್ಯೂಟರ್‌ಗಳಿವೆ. ಅವುಗಳಲ್ಲಿ ಐದು ಓಡುತ್ತವೆ, ಕರೆಂಟು ಇದ್ದರೆ.

ವೆಬ್ ಪುಟ ಮಾಡುವುದಕ್ಕೆ ದೊಡ್ಡ ಸಲಕರಣೆ ಏನೂ ಬೇಡ. ನೋಟ್‌ಪ್ಯಾಡ್‌ನಲ್ಲಿ ಎಚ್‌ಟಿಎಂಎಲ್ ಬರೆದರೆ ಪುಟದಲ್ಲಿ ಏನೇನು ಇರಬೇಕು ಎಂಬುದು ಬರುತ್ತದೆ. ಸಿಎಸ್‌ಎಸ್ ಬರೆದರೆ ಅದು ಹೇಗೆ ಕಾಣಬೇಕು ಎಂಬುದು ಬರುತ್ತದೆ. ಮನೆ ಕಟ್ಟುವುದು ಒಂದು, ಸುಣ್ಣ ಬಣ್ಣ ಬಳಿಯುವುದು ಇನ್ನೊಂದು. ಮಕ್ಕಳಿಗೆ ಸುಣ್ಣ ಬಣ್ಣದ ಮೇಲೇ ಪ್ರೀತಿ ಜಾಸ್ತಿ ಎಂದು ಬೇರೆ ಹೇಳಬೇಕಾಗಿಲ್ಲ.

ಹದಿನೈದು ದಿನಕ್ಕೆ ತಂಡ ತನ್ನ ಮೊದಲ ಪುಟವನ್ನು ತೋರಿಸಿತು. ಕಡುಗಪ್ಪು ಹಿನ್ನೆಲೆ. ಅದರ ಮೇಲೆ ಕೆಂಪು ಅಕ್ಷರ. ಮೇಲ್ಗಡೆ 'ಎಚ್ಚರ! ಎಚ್ಚರ!' ಎಂಬ ಪಟ್ಟಿ ರೈಲಿನಂತೆ ಬಲದಿಂದ ಎಡಕ್ಕೆ ಓಡುತ್ತಿತ್ತು. ಎರಡೂ ಬದಿಯಲ್ಲಿ ರಕ್ತದ ಹನಿ ತೊಟ್ಟಿಕ್ಕುವ ಚಿತ್ರ. ನಡುವೆ ಸತ್ತುಬಿದ್ದ ಮಂಗದ ದೊಡ್ಡ ಫೋಟೋ. ಅದರ ಕೆಳಗೆ '1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ' ಎಂದು ಶುರುವಾಗುವ ಉದ್ದನೆಯ ಪ್ರಬಂಧ. ಇದನ್ನು ಬರೆದವನು ತಂಡದ ನಾಯಕ. ಏನು ಕೇಳಿದರೂ ಹುಡುಕಿ ತಂದುಕೊಡುತ್ತಾನೆ ಎಂದು ಇಡೀ ಶಾಲೆ ಅವನನ್ನು 'ಗೂಗಲ್' ಎಂದೇ ಕರೆಯುತ್ತದೆ. ಕಾಯಿಲೆಗೆ ಆ ಕಾಡಿನ ಹೆಸರೇ ಬಂದದ್ದು, ಮಂಗಗಳು ಸಾಲುಸಾಲಾಗಿ ಸತ್ತದ್ದನ್ನು ಕಂಡು ತಜ್ಞರು ಮೊದಲು ಹಳದಿ ಜ್ವರ ಇರಬಹುದೇ ಎಂದು ಶಂಕಿಸಿದ್ದು, ಪುಣೆಯ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಎಂದು ಗುರುತಿಸಿದ್ದು ಎಲ್ಲವೂ ಅದರಲ್ಲಿತ್ತು. ನಿಜ ಹೇಳಬೇಕೆಂದರೆ ಬರಹ ಚೆನ್ನಾಗಿಯೇ ಇತ್ತು.

ಪುಟವನ್ನು ತರಗತಿಗೆ ತೋರಿಸಿ 'ಹೇಗಿದೆ?' ಎಂದು ತಂಡದವರು ಕೇಳಿದರು. 'ಸೂಪರ್!' ಎಂದಿತು ಅರ್ಧ ತರಗತಿ. ಜಾತ್ರೆಯ ತಂಡದವರು ಮಾತ್ರ 'ಪರವಾಗಿಲ್ಲ' ಎಂದರು. ತಮ್ಮ ಪುಟಕ್ಕೆ ಅಷ್ಟು ಚಪ್ಪಾಳೆ ಬಿದ್ದಿರಲಿಲ್ಲವಲ್ಲ, ಅದಕ್ಕೆ.

'ಹೇಗಿದೆ?' ಎಂಬ ಪ್ರಶ್ನೆಗೆ ನಮ್ಮ ಕಡೆ ಎರಡೇ ಉತ್ತರ. ಮದುವೆ ಮನೆಯಲ್ಲಿ ಊಟ ಮಾಡುತ್ತಿರುವವರನ್ನು ಸಾರು ಹೇಗಿದೆ ಎಂದು ಕೇಳಿದ ಹಾಗೆ. ಬೇಕಾದವರು ಚೆನ್ನಾಗಿದೆ ಎನ್ನುತ್ತಾರೆ, ಬೇಡದವರು ಪರವಾಗಿಲ್ಲ ಎನ್ನುತ್ತಾರೆ. ಸಾರು ಹೇಗಿತ್ತು ಎಂಬುದು ಗೊತ್ತಾಗುವುದು ಎಲೆ ತೆಗೆಯುವವರಿಗೆ. ಆದ್ದರಿಂದ ಎರಡನೇ ಸುತ್ತಿಗೆ ನಾನು ಬೇರೆ ನಿಯಮ ಮಾಡಿದೆ. ನೋಡುವವರಿಗೆ ಅಭಿಪ್ರಾಯ ಕೇಳುವಂತಿಲ್ಲ. ಒಂದು ಕೆಲಸ ಕೊಡಬೇಕು. ಪುಟ ಮಾಡಿದವರು ಹಿಂದೆ ಕುಳಿತು ನೋಡಬೇಕು. ಕೈ ಕಟ್ಟಿಕೊಂಡಿರಬೇಕು, ಬಾಯಿ ಮುಚ್ಚಿಕೊಂಡಿರಬೇಕು. 'ಅಲ್ಲಿ ಅಲ್ಲ, ಕೆಳಗೆ ನೋಡು' ಎಂದು ಒಮ್ಮೆ ಹೇಳಿದರೂ ಆ ಪರೀಕ್ಷೆ ರದ್ದು.

ಕೆಲಸ ಇದು: 'ನಿಮ್ಮ ತೋಟದ ಅಂಚಿನಲ್ಲಿ ಒಂದು ಮಂಗ ಸತ್ತುಬಿದ್ದಿದೆ. ಏನು ಮಾಡಬೇಕು? ಒಂದು ನಿಮಿಷದಲ್ಲಿ ಪುಟದಲ್ಲಿ ಹುಡುಕಿ ಹೇಳಿ.'

ಹತ್ತನೇ ತರಗತಿಯಿಂದ ಏಳು ಜನರನ್ನು ಕರೆಸಿದೆವು. ಒಬ್ಬಳು ಓಡುವ ಪಟ್ಟಿಯಲ್ಲಿ ಉತ್ತರ ಬರಬಹುದೆಂದು ಅದನ್ನೇ ನೋಡುತ್ತ ಕುಳಿತಳು. ಅದು ಎರಡು ಸುತ್ತು ಬಂದರೂ 'ಎಚ್ಚರ' ಎಂದೇ ಹೇಳುತ್ತಿತ್ತು. ಇನ್ನೊಬ್ಬ 1957ರಿಂದ ಓದಲು ಶುರು ಮಾಡಿದ. ಸೊರಬದಿಂದ ಪುಣೆಗೆ ಹೋಗುವಷ್ಟರಲ್ಲಿ ನಿಮಿಷ ಮುಗಿಯಿತು. ಉತ್ತರ ಸಿಕ್ಕಿದ್ದು ಇಬ್ಬರಿಗೆ ಮಾತ್ರ. ಅವರಲ್ಲಿ ಒಬ್ಬಳು ಪುಟದಲ್ಲಿ ಹುಡುಕಲೇ ಇಲ್ಲ, ಅವಳ ಚಿಕ್ಕಮ್ಮ ಆಶಾ ಕಾರ್ಯಕರ್ತೆ, ಮೊದಲೇ ಗೊತ್ತಿತ್ತು. ಹಿಂದೆ ಕುಳಿತಿದ್ದ ಗೂಗಲ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಕಣ್ಣು ಮಾತ್ರ 'ಕೆಳಗೆ, ಕೆಳಗೆ' ಎಂದು ಕೂಗುತ್ತಿತ್ತು.

ಇನ್ನೊಂದು ತಮಾಷೆಯೂ ಅವತ್ತೇ ಆಯಿತು. ಚಿತ್ರದುರ್ಗದ ಕಡೆಯಿಂದ ವರ್ಗವಾಗಿ ಬಂದವರ ಮಗನೊಬ್ಬ ಹತ್ತನೇ ತರಗತಿಯಲ್ಲಿದ್ದಾನೆ. 'ಉಣ್ಣೆ ಕಚ್ಚುವುದರಿಂದ ಈ ರೋಗ ಬರುತ್ತದೆ' ಎಂಬ ಸಾಲು ಓದಿ ನಿಂತುಬಿಟ್ಟ. 'ಕಂಬಳಿ ಹೆಂಗೆ ಕಚ್ತದೆ ಮೇಡಂ?' ಎಂದ. ಅವರ ಕಡೆ ಉಣ್ಣೆ ಎಂದರೆ ಕುರಿಯ ಮೈಮೇಲಿನದು, ಕಂಬಳಿ ನೇಯುವುದು. ತರಗತಿ ಬಿದ್ದು ಬಿದ್ದು ನಕ್ಕಿತು. ಆದರೆ ತಂಡದಲ್ಲಿದ್ದ ಒಬ್ಬ ಹುಡುಗಿ ನಗಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮರುದಿನ ಆ ಜಾಗದಲ್ಲಿ 'ಉಣುಗು' ಎಂದು ಬಂತು, ಪಕ್ಕದಲ್ಲಿ ಒಂದು ಸಾಸಿವೆ ಕಾಳಿನ ಚಿತ್ರ. ಕಾಯಿಲೆ ಹರಡುವ ಮರಿ ಉಣುಗು ಅಷ್ಟೇ ಸಣ್ಣದು, ಮೈಮೇಲೆ ಹತ್ತಿದರೆ ಕಣ್ಣಿಗೆ ಬೀಳುವುದೇ ಕಷ್ಟ ಎಂದು ತಿಳಿಸುವುದಕ್ಕೆ. ಒಂದು ಚಿತ್ರ ಅರ್ಧ ಪುಟದ ಮಾತನ್ನು ಉಳಿಸಿತು.

ಆ ಹುಡುಗಿಯ ನೋಟ್‌ಬುಕ್ಕಿನ ವಿಷಯ ಸ್ವಲ್ಪ ಹೇಳಬೇಕು. ನಡುವೆ ಗೆರೆ ಎಳೆದು ಎರಡು ಭಾಗ ಮಾಡಿದ್ದಳು. ಎಡಗಡೆ 'ಏನು ಬದಲಿಸಿದೆವು', ಬಲಗಡೆ 'ಏನಾಯಿತು'. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ವಿಜ್ಞಾನದ ಪ್ರಯೋಗದಲ್ಲಿ ನಾನು ಹೇಳುವ ಮಾತು. ಬೀಜಕ್ಕೆ ನೀರನ್ನೂ ಬೆಳಕನ್ನೂ ಒಟ್ಟಿಗೇ ತಪ್ಪಿಸಿದರೆ ಯಾವುದರಿಂದ ಮೊಳಕೆ ಬರಲಿಲ್ಲ ಎಂದು ಹೇಗೆ ಗೊತ್ತಾಗಬೇಕು? ಅದನ್ನೇ ಅವಳು ಇಲ್ಲಿಗೆ ತಂದಿದ್ದಳು.

ಅಕ್ಷರಗಳ ನಡುವಿನ ಜಾಗದ ಪ್ರಯೋಗ ನನಗೆ ಬಹಳ ಇಷ್ಟವಾಯಿತು. ಮಕ್ಕಳು ತಮ್ಮ ಪುಟದ ಅಳತೆಗಳನ್ನು ಒಂದು ಇಂಗ್ಲಿಷ್ ಮಾದರಿಯಿಂದ ನಕಲು ಮಾಡಿದ್ದರು. ಅದರಲ್ಲಿ ಸಾಲಿನ ಎತ್ತರ ಅಕ್ಷರದ 1.2 ಪಟ್ಟು ಎಂದಿತ್ತು. ಇಂಗ್ಲಿಷಿಗೆ ಅದು ಸಾಕಾಗಬಹುದು. ಕನ್ನಡಕ್ಕೆ ಸಾಲುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು ಇದೆ, ಕೆಳಗೆ ಒತ್ತು ಇದೆ. 'ರಾಷ್ಟ್ರ' ಎಂದು ಬರೆದು ನೋಡಿ, ಒಂದರ ಕೆಳಗೆ ಒಂದು ಒತ್ತು ನೇತಾಡುತ್ತದೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ತಲೆಗೆ ಬಡಿಯುತ್ತಿತ್ತು. ಒಂದು ಹುಡುಗಿ ಹೇಳಿದಂತೆ, 'ಕನ್ನಡಕ್ಕೆ ಅಟ್ಟಾನೂ ಬೇಕು, ನೆಲಮಾಳಿಗೇನೂ ಬೇಕು ಮೇಡಂ.' ಅದೇ ಸಾಲುಗಳನ್ನು 1.2, 1.5, 1.8 ಎಂದು ಮೂರು ಬಗೆಯಲ್ಲಿ ಇಟ್ಟು, ಯಾವುದು ಯಾವುದೆಂದು ಹೇಳದೆ, ಏಳನೇ ತರಗತಿಯ ಮಕ್ಕಳಿಂದ ಗಟ್ಟಿಯಾಗಿ ಓದಿಸಿದರು. ಮೊದಲನೆಯದರಲ್ಲಿ ತಡವರಿಸಿದವರು ಮೂರನೆಯದನ್ನು ಸಲೀಸಾಗಿ ಓದಿದರು. ಮೂರನೇ ಸಲ ಓದುವಾಗ ಅಭ್ಯಾಸವಾಗಿತ್ತಲ್ಲ ಎಂದು ನಾನು ಕೊಂಕು ತೆಗೆದೆ. ಮರುದಿನ ಬೇರೆ ಮಕ್ಕಳನ್ನು ಕರೆದು ಹಿಂದುಮುಂದಾಗಿ ಓದಿಸಿದರು. ಆಗಲೂ 1.8 ಗೆದ್ದಿತು.

ಓರೆ ಅಕ್ಷರವೂ ಹೀಗೆಯೇ ಹೋಯಿತು. ಇಂಗ್ಲಿಷಿನಲ್ಲಿ ಮುಖ್ಯವಾದದ್ದನ್ನು ಓರೆ ಮಾಡುತ್ತಾರೆ, ಇಲ್ಲವೇ ದೊಡ್ಡಕ್ಷರದಲ್ಲಿ ಬರೆಯುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವೇ ಇಲ್ಲ. ಓರೆ ಮಾಡಿದರೆ ಗಾಳಿಗೆ ವಾಲಿದ ಅಡಿಕೆ ಮರದ ಹಾಗೆ ಕಾಣುತ್ತದೆ. ದಪ್ಪ ಮಾಡಿದರೆ ಸಾಕು ಎಂದಾಯಿತು.

ಶೀರ್ಷಿಕೆಯದ್ದು ಬೇರೆಯೇ ಕಥೆ. ಶಾಲೆಯ ಕಂಪ್ಯೂಟರಿನಲ್ಲಿ ಅಂದವಾಗಿ ಕಾಣುತ್ತಿದ್ದ 'ಮಂಗನ ಕಾಯಿಲೆ' ಎಂಬ ತಲೆಬರಹ ಮನೆಯವರ ಫೋನಿನಲ್ಲಿ ತೆರೆದಾಗ ಕೊಂಬು ಬಾಲ ಬಂದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿತ್ತು. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಕನ್ನಡದ ಒಂದೊಂದು ತುಣುಕೂ ಒಂದೊಂದು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ ಇರುತ್ತದೆ. ಆ ವಿನ್ಯಾಸ ಇಲ್ಲದ ಯಂತ್ರದಲ್ಲಿ ಬಾಡಿಗೆದಾರ ಕಾಣುವುದಿಲ್ಲ, ಮನೆ ಯಜಮಾನನೇ ಬಾಗಿಲು ತೆರೆಯುತ್ತಾನೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ವಂತ ಮನೆಗಳಿವೆ, ಆದ್ದರಿಂದ ಎಲ್ಲ ಕಡೆಯೂ ಕನ್ನಡವೇ ಕಾಣುತ್ತದೆ. ಶೀರ್ಷಿಕೆಯನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದ್ದಾಯಿತು, ಐದು ನಿಮಿಷದ ಕೆಲಸ.

ಕಪ್ಪು ಹಿನ್ನೆಲೆಯನ್ನು ಬಿಡಿಸುವುದು ಮಾತ್ರ ಐದು ನಿಮಿಷದ ಕೆಲಸವಾಗಿರಲಿಲ್ಲ. ಅದರ ಮೇಲೆ ಇಡೀ ತಂಡಕ್ಕೆ ಮೋಹ. ಕತ್ತಲೆ ಕೋಣೆಯ ಕಂಪ್ಯೂಟರಿನಲ್ಲಿ ಅದು ಸಿನಿಮಾ ಪೋಸ್ಟರಿನಂತೆ ಝಗಮಗಿಸುತ್ತಿತ್ತು. ನಾನು ವಾದ ಮಾಡಲಿಲ್ಲ. 'ಫೋನಿಗೆ ಹಾಕಿಕೊಂಡು ಬನ್ನಿ, ಅಡಿಕೆ ಒಣಗಿಸುವ ಅಂಗಳದಲ್ಲಿ ನೋಡೋಣ' ಎಂದೆ. ಮಧ್ಯಾಹ್ನ ಹನ್ನೆರಡು ಗಂಟೆಯ ಬಿಸಿಲು. ಫೋನು ಕನ್ನಡಿಯಾಯಿತು. ಕಪ್ಪು ಗಾಜಿನಲ್ಲಿ ಮಂಗದ ಬದಲು ಅವರವರ ಮುಖವೇ ಕಾಣಿಸಿತು! ನಕ್ಕು ನಕ್ಕು ಸುಸ್ತಾದ ಮೇಲೆ ಒಬ್ಬ ಹುಡುಗ ಬಿಳಿ ಹಿನ್ನೆಲೆ, ಕಪ್ಪು ಅಕ್ಷರದ ಇನ್ನೊಂದು ಪ್ರತಿ ತೆರೆದ. ಅದು ಓದಲು ಬಂತು. ಕಾಡಿಗೆ ಹೋಗುವವರು ಫೋನು ನೋಡುವುದು ಬಯಲಿನಲ್ಲಿ, ಗದ್ದೆಯಲ್ಲಿ, ಬಸ್ ನಿಲ್ದಾಣದಲ್ಲಿ. ಕತ್ತಲೆ ಕೋಣೆಯಲ್ಲಲ್ಲ.

ಬಣ್ಣದ ವಿಷಯದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದು ನಗುವಂಥದ್ದಲ್ಲ. ಪುಟದಲ್ಲಿ ಹನ್ನೆರಡು ತಿಂಗಳ ಒಂದು ಪಟ್ಟಿ ಇತ್ತು. ಡಿಸೆಂಬರಿನಿಂದ ಮೇವರೆಗೆ ಕಾಯಿಲೆಯ ಕಾಲ. ಆ ತಿಂಗಳುಗಳಿಗೆ ಕೆಂಪು ಚೌಕ. ಉಳಿದವಕ್ಕೆ ಹಸಿರು. ಇದಕ್ಕಿಂತ ಸರಳ ಏನಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಎಂಟನೇ ತರಗತಿಯ ಒಬ್ಬ ಹುಡುಗನಿಗೆ 'ಯಾವ ತಿಂಗಳಲ್ಲಿ ಜಾಗ್ರತೆ ಬೇಕು?' ಎಂದು ಕೇಳಿದರೆ ಅವನು ಸುಮ್ಮನೆ ನಿಂತ. ಮತ್ತೆ ಕೇಳಿದರೂ ಮಾತಿಲ್ಲ. ಯಾರೋ 'ಅಷ್ಟೂ ಗೊತ್ತಾಗಲ್ವಾ?' ಎಂದರು. ಆಮೇಲೆ ಅವನು ಮೆಲ್ಲಗೆ, 'ಎಲ್ಲ ಚೌಕ ಒಂದೇ ಥರ ಇದೆಯಲ್ಲ' ಎಂದ.

ಕೋಣೆ ತಣ್ಣಗಾಯಿತು. ಕೆಂಪು ಹಸಿರು ಬೇರೆಬೇರೆಯಾಗಿ ಕಾಣದ ಬಣ್ಣಗುರುಡು ಗಂಡುಮಕ್ಕಳಲ್ಲಿ ಹೆಚ್ಚು. ತಾಯಿಯ ಕಡೆಯಿಂದ ಬರುತ್ತದೆ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೂ ಇದು ಇತ್ತು, ತನ್ನ ಕಣ್ಣಿನ ಬಗ್ಗೆಯೇ ಅವನು 1794ರಲ್ಲಿ ಉಪನ್ಯಾಸ ಕೊಟ್ಟಿದ್ದ. ಇದನ್ನು ನಾನು ತರಗತಿಗೆ ಹೇಳಿದೆ. ಡಾಲ್ಟನ್ನಿನ ಹೆಸರು ಕೇಳಿದ ಮೇಲೆ ಆ ಹುಡುಗ ತಲೆ ಎತ್ತಿದ. ಮಾವಿನಹಣ್ಣು ಹಣ್ಣಾಗಿದೆಯೋ ಇಲ್ಲವೋ ಎಂದು ತಾನು ಮೂಸಿ ನೋಡಿಯೇ ತಿಳಿಯುವುದು ಎಂದ. ಅವನ ಸೋದರಮಾವನೂ ಹಾಗೇ ಅಂತೆ. ಪಟ್ಟಿಯನ್ನು ಹೇಗೆ ಮಾಡಿದರೆ ಸರಿ ಎಂದು ತಂಡದವರು ಅವನನ್ನೇ ಕೇಳಿದರು. ಜಾಗ್ರತೆಯ ತಿಂಗಳ ಮೇಲೆ ಒಂದು ಉಣುಗಿನ ಚಿತ್ರ ಹಾಕಿ, ಬಣ್ಣ ಯಾವುದಿದ್ದರೂ ನಡೆಯುತ್ತದೆ ಎಂದ. ಹಾಗೇ ಮಾಡಿದರು. ಬಣ್ಣವೊಂದನ್ನೇ ನೆಚ್ಚಿ ಏನನ್ನೂ ಹೇಳಬೇಡಿ ಎಂಬುದು ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲೂ ಇದೆ. ಅದನ್ನು ನಾನು ಓದಿ ಹೇಳಿದ್ದರೆ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು, ಅಷ್ಟೇ.

ಇಷ್ಟೆಲ್ಲ ಆದರೂ ಪುಟದ ಎಲುಬು ಹಾಗೇ ಇತ್ತು. ಮೇಲೆ ಸತ್ತ ಮಂಗ, ಕೆಳಗೆ 1957. ಎಲುಬು ಅಲುಗಾಡಿದ್ದು ಬಿಸಿಯೂಟದ ಅಕ್ಕ ನೋಡಿದ ದಿನ.

ಅವರು ನಮ್ಮ ಶಾಲೆಯಲ್ಲಿ ಅಡುಗೆ ಮಾಡುತ್ತಾರೆ. ಬೆಳಿಗ್ಗೆ ಎದ್ದು ಸೊಪ್ಪಿನ ಬೆಟ್ಟಕ್ಕೆ ಹೋಗಿ ಕೊಟ್ಟಿಗೆಗೆ ತರಗೆಲೆ ಗುಡಿಸಿ ತಂದು, ಆಮೇಲೆ ಶಾಲೆಗೆ ಬರುವವರು. ಶಾಲೆಯ ಮಕ್ಕಳ ಅಭಿಪ್ರಾಯ ಸಾಕು, ಈಗ ನಿಜವಾಗಿ ಕಾಡಿಗೆ ಹೋಗುವವರಿಗೆ ತೋರಿಸೋಣ ಎಂದು ನೋಟ್‌ಬುಕ್ಕಿನ ಹುಡುಗಿಯೇ ಅವರನ್ನು ಕರೆದುತಂದಳು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಫೋನು ಹಿಡಿದರು. ಮಂಗದ ಫೋಟೋ ಬಂತು. ಒಂದು ಕ್ಷಣ ನೋಡಿ ಫೋನನ್ನು ಬೆಂಚಿನ ಮೇಲೆ ಮಗುಚಿ ಇಟ್ಟರು.

ಅವರ ಯಜಮಾನರಿಗೆ ಒಂದು ವರ್ಷ ಮಂಗನ ಕಾಯಿಲೆ ಬಂದಿತ್ತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡರು. ಅದು ನನಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಅಕ್ಕ ಸಿಟ್ಟು ಮಾಡಲಿಲ್ಲ. ಮೆಲ್ಲಗೇ ಹೇಳಿದರು: 'ಹೆದರ್ಸದು ಬ್ಯಾಡ ಮಕ್ಳೇ. ಹೆದ್ರಿಕೆ ನಮ್ಗೆ ಮೊದ್ಲೇ ಉಂಟು. ಕಾಡಿಗೆ ಹೋಗ್ದೆ ಇದ್ರೆ ಕೊಟ್ಟಿಗೆಗೆ ಎಂತ ಹಾಕದು? ಹೋಗದಂತೂ ತಪ್ಪದಿಲ್ಲ. ಹೋಗುವಾಗ ಎಂತ ಮಾಡ್ಬೇಕು, ಬಂದ್ಮೇಲೆ ಎಂತ ಮಾಡ್ಬೇಕು, ಅದ್ನ ಮೊದ್ಲು ಹೇಳಿ. ಉಳಿದದ್ದು ಆಮೇಲೆ ಹೇಳಿ.' ಒಲೆಯ ಮೇಲೆ ಸಾಂಬಾರು ಇದೆ ಎಂದು ಹೊರಟುಹೋದರು.

ಆ ಫೋಟೋ ಅವತ್ತೇ ಹೋಯಿತು. ಯಾರೂ ಚರ್ಚೆ ಮಾಡಲಿಲ್ಲ. ಆದರೆ 1957 ಎಲ್ಲಿಗೆ ಹೋಗಬೇಕು ಎಂಬುದು ದೊಡ್ಡ ಜಗಳವಾಯಿತು. ನಾಲ್ವರು ಅದನ್ನು ಕೆಳಗೆ ಹಾಕಬೇಕು ಎಂದರು. ಒಬ್ಬ, ಬಹುಶಃ ಸುಮ್ಮನೆ ಮಾತಿಗೆ, 'ತೆಗೆದೇ ಹಾಕೋಣ, ಯಾರು ಓದ್ತಾರೆ?' ಎಂದ. ಗೂಗಲ್‌ಗೆ ಅದು ನಾಟಿತು. ಹದಿನೈದು ದಿನ ಪಂಚಾಯಿತಿ ಗ್ರಂಥಾಲಯದಲ್ಲಿ ಕುಳಿತು ಬರೆದದ್ದು. 'ನೀವೇ ಮಾಡಿಕೊಳ್ಳಿ' ಎಂದು ಎದ್ದುಹೋದವನು ನಾಲ್ಕು ದಿನ ಕಂಪ್ಯೂಟರ್ ಕೋಣೆಗೆ ಬರಲಿಲ್ಲ. ನಾನು ಕರೆಯಲಿಲ್ಲ. ಕರೆದು ಸಮಾಧಾನ ಮಾಡಿದ್ದರೆ ನನ್ನ ಮಾತಿಗೆ ಕಟ್ಟುಬಿದ್ದು ಬರುತ್ತಿದ್ದ, ಪುಟಕ್ಕಾಗಿ ಬರುತ್ತಿರಲಿಲ್ಲ. ಆ ನಾಲ್ಕು ದಿನ ನನಗೂ ಅಷ್ಟು ಸುಲಭವಾಗಿರಲಿಲ್ಲ. ಒಳ್ಳೆಯ ಹುಡುಗ, ಮುನಿಸಿಕೊಂಡು ಬರೆಯುವುದನ್ನೇ ಬಿಟ್ಟರೆ ಎಂಬ ಅಳುಕು ಇದ್ದೇ ಇತ್ತು.

ಐದನೇ ದಿನ ಬಂದ. ಕೈಯಲ್ಲಿ ಒಂದು ಹಾಳೆ. ಮನೆಯಲ್ಲಿ ಅಮ್ಮ, ಅಜ್ಜ, ಪಕ್ಕದ ಮನೆಯ ದೊಡ್ಡಪ್ಪ ಎಲ್ಲರನ್ನೂ 'ಈ ಕಾಯಿಲೆ ಬಗ್ಗೆ ನಿಮಗೆ ಏನು ಗೊತ್ತಾಗಬೇಕು?' ಎಂದು ಕೇಳಿ ಬರೆದುಕೊಂಡು ಬಂದಿದ್ದ. ಯಾರೂ ವೈರಸ್ಸಿನ ಹೆಸರು ಕೇಳಿರಲಿಲ್ಲ. ಹಾಳೆಯ ಕೆಳಗೆ ನಾಲ್ಕು ಚೌಕ ಬರೆದಿದ್ದ: 'ಕಾಡಿಗೆ ಹೋಗುವ ಮುಂಚೆ', 'ಕಾಡಿನಿಂದ ಬಂದ ಮೇಲೆ', 'ಮಂಗ ಸತ್ತದ್ದು ಕಂಡರೆ', 'ಜ್ವರ ಬಂದರೆ'. ಪುಟ ತೆರೆದ ಕೂಡಲೇ ಈ ನಾಲ್ಕು ಬಾಗಿಲು. ಯಾವುದು ಬೇಕೋ ಅದನ್ನು ಒತ್ತಿದರೆ ಅದಕ್ಕೇ ಹೋಗಬೇಕು. ಎಲ್ಲಕ್ಕಿಂತ ಕೆಳಗೆ ಐದನೆಯದು, ಸಣ್ಣದು: 'ಇದು ಎಲ್ಲಿಂದ ಬಂತು?' ಏಳುನೂರು ಪದಗಳನ್ನು ತಾನೇ ಇನ್ನೂರಕ್ಕೆ ಇಳಿಸಿದ್ದ.

ಬಾಗಿಲುಗಳ ಒಳಗೆ ಏನಿರಬೇಕು ಎಂಬುದನ್ನು ನಾವೇ ಬರೆಯುವ ಹಾಗಿರಲಿಲ್ಲ. ಕಾಯಿಲೆಯ ಮಾತು, ಹುಡುಗಾಟವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಕರಡನ್ನು ಓದಿ ಕೆಂಪು ಪೆನ್ನು ಆಡಿಸಿಕೊಟ್ಟರು. 'ಮಂಗನಿಂದ ಮನುಷ್ಯರಿಗೆ ಹರಡುತ್ತದೆ' ಎಂದಿದ್ದುದಕ್ಕೆ ಗೆರೆ ಬಿತ್ತು. ಹರಡುವುದು ಉಣುಗು. ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ಅಲ್ಲಿಯೇ ಉದುರಿ ಸುತ್ತಮುತ್ತ ಹರಡುತ್ತವೆ, ಅದಕ್ಕೇ ಆ ಜಾಗಕ್ಕೆ ಹೋಗಬಾರದು, ಮುಟ್ಟಬಾರದು, ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಕೂಡಲೇ ಹೇಳಬೇಕು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿ ಎಂದರು. ಕಾಯಿಲೆ ಬಂದ ಮನೆಗೆ ಜನ ಹೋಗುವುದನ್ನೇ ಬಿಡುತ್ತಾರಂತೆ. ಆ ಸಾಲನ್ನು ಟೈಪ್ ಮಾಡುವಾಗ ಮಕ್ಕಳಿಗೆ ಬಿಸಿಯೂಟದ ಅಕ್ಕನ ನೆನಪಾಗಿರಬೇಕು, ಯಾರೂ ಮಾತಾಡಲಿಲ್ಲ.

ಹೀಗೆ ನಾಲ್ಕು ಬಾಗಿಲು ತುಂಬಿದವು. ಹೋಗುವ ಮುಂಚೆ ಮೈತುಂಬ ಬಟ್ಟೆ, ಕೈಕಾಲಿಗೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುವುದು, ಮೈಮೇಲೆ ಉಣುಗು ಇದೆಯೇ ಎಂದು ನೋಡುವುದು. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕೂರದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂಬುದನ್ನೂ ಮರೆಯದೆ ಡಾಕ್ಟರಿಗೆ ಹೇಳಬೇಕು. ಆಶಾ ಕಾರ್ಯಕರ್ತೆ ಚಿಕ್ಕಮ್ಮ ನೋಡಿ ಒಂದೇ ಮಾತು ಹೇಳಿದರು: 'ನಂಬರ್ ಬರೆದ್ರೆ ಸಾಲದು, ಒತ್ತಿದ್ರೆ ಫೋನ್ ಹೋಗ್ಬೇಕು.' ಎಚ್‌ಟಿಎಂಎಲ್‌ನಲ್ಲಿ ಅದು ಒಂದು ಸಣ್ಣ ಸಾಲು. 104 ಆರೋಗ್ಯ ಸಹಾಯವಾಣಿ, 108 ಆಂಬ್ಯುಲೆನ್ಸ್ ಎರಡೂ ಒತ್ತುವ ಗುಂಡಿಗಳಾದವು. ಅದು ಕೆಲಸ ಮಾಡುತ್ತದೆಯೇ ಎಂದು ನೋಡಲು ಮೊದಲು ಆ ಜಾಗದಲ್ಲಿ ನನ್ನ ನಂಬರ್ ಹಾಕಿದ್ದರು. ಆ ಸಂಜೆ ನನಗೆ ಹದಿನೇಳು ಮಿಸ್ಡ್ ಕಾಲ್ ಬಂದಿತ್ತು.

ಫೋಟೋಗಳ ಭಾರ ಇಳಿಸಿದ್ದು ಕೊನೆಯ ಕೆಲಸ. ಫೋನಿನಲ್ಲಿ ತೆಗೆದ ಆರು ಫೋಟೋ, ಒಂದೊಂದೂ 4 ಎಂಬಿ. ನಮ್ಮೂರಿನಲ್ಲಿ ನೆಟ್‌ವರ್ಕ್ ಎಂದರೆ ಗುಡ್ಡದ ಮೇಲಿನ ಗೇರುಮರದ ಬುಡ. ಅಲ್ಲಿ ನಿಂತು ಗಡಿಯಾರ ಹಿಡಿದು ನೋಡಿದರೆ ಪುಟ ಪೂರ್ತಿ ತೆರೆಯಲು ಮೂರು ನಿಮಿಷ ಮೀರಿತು. 'ಅಷ್ಟರಲ್ಲಿ ಉಣುಗೇ ಹತ್ತಿಬಿಡ್ತದೆ' ಎಂದ ಒಬ್ಬ. ಮೂರು ಫೋಟೋ ತೆಗೆದರು. ಉಳಿದ ಮೂರನ್ನು ಫೋನಿನ ಪರದೆಗೆ ಸಾಕಾಗುವಷ್ಟು ಕಿರಿದು ಮಾಡಿದರೆ ಒಂದೊಂದೂ 80 ಕೆಬಿಗೆ ಇಳಿಯಿತು. ಎಣಿಸಿ ಐದು ಅನ್ನುವಷ್ಟರಲ್ಲಿ ಪುಟ ತೆರೆಯಿತು. ಆ ದಿನದ ನೋಟ್‌ಬುಕ್ಕಿನ ಬಲಗಡೆ ಬರೀ ಒಂದು ಆಶ್ಚರ್ಯಸೂಚಕ ಚಿಹ್ನೆ ಇದೆ.

ಬಂದ ಸಲಹೆಗಳನ್ನೆಲ್ಲ ಮಕ್ಕಳು ಒಪ್ಪಲಿಲ್ಲ, ಅದನ್ನೂ ಹೇಳಬೇಕು. ಪುಟದ ಮೇಲ್ಗಡೆ ಗಣ್ಯರೊಬ್ಬರ ಸಂದೇಶ, ಫೋಟೋ ಸಮೇತ, ಇರಲಿ ಎಂದು ಒಂದು ಕಡೆಯಿಂದ ಸೂಚನೆ ಬಂದಿತ್ತು. ಯಾರೆಂದು ಬೇಡ. ತಂಡದವರು ಏಳು ಜನರ ಪರೀಕ್ಷೆಯನ್ನು ಮತ್ತೆ ಮಾಡಿದರು, ಸಂದೇಶ ಮೇಲೆ ಇದ್ದಾಗ ಒಮ್ಮೆ, ಕೆಳಗೆ ಇದ್ದಾಗ ಒಮ್ಮೆ. ಮೇಲೆ ಇದ್ದಾಗ ಬಾಗಿಲುಗಳನ್ನು ಕಾಣಲು ಬೆರಳು ಎರಡು ಸಲ ಎಳೆಯಬೇಕಾಗುತ್ತಿತ್ತು. ಆ ಲೆಕ್ಕವನ್ನು ಬಹಳ ವಿನಯದಿಂದ ತೋರಿಸಿ ಬಂದರು. ಸಂದೇಶ ಈಗ ಪುಟದ ಅಡಿಯಲ್ಲಿದೆ.

ಜನವರಿಯಲ್ಲಿ ಪುಟದ ಕೊಂಡಿ ವಾಟ್ಸ್‌ಆ್ಯಪ್‌ನಲ್ಲಿ ಊರೂರಿಗೆ ಹೋಯಿತು. ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ತೋರಿಸಿದರು. ಅದರಿಂದ ಎಷ್ಟು ಜನರಿಗೆ ಅನುಕೂಲವಾಯಿತು ಎಂದು ನಾನು ಹೇಳಲಾರೆ, ಅಂಥ ಲೆಕ್ಕ ನಮ್ಮ ಬಳಿ ಇಲ್ಲ. ನಾನು ಕಂಡದ್ದು ಇಷ್ಟು: ಬಿಸಿಯೂಟದ ಅಕ್ಕ ಅಡುಗೆಮನೆಯ ಕಿಟಕಿಯಲ್ಲಿ ಫೋನು ಒರಗಿಸಿ, ಎರಡನೇ ಬಾಗಿಲು ತೆರೆದು, ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವರಿಗೆ ಓದಿ ಹೇಳುತ್ತಿದ್ದರು. ಇನ್ನೊಂದು, ಗೂಗಲ್‌ಗೆ ಬಹಳ ಖುಷಿ ಕೊಟ್ಟದ್ದು. ನಿವೃತ್ತ ಅರಣ್ಯ ರಕ್ಷಕರೊಬ್ಬರು ನಾಲ್ಕು ಬಾಗಿಲನ್ನೂ ದಾಟಿ ನೇರ ಕೆಳಗಿನ 'ಇದು ಎಲ್ಲಿಂದ ಬಂತು?' ಎಂಬುದಕ್ಕೆ ಹೋದರು. ಪೂರ್ತಿ ಓದಿ, 'ಇನ್ನೂ ಸ್ವಲ್ಪ ಬರೀಬಹುದಿತ್ತು ಮಾರಾಯ' ಎಂದರು.

ಈಗ ಆ ಮಕ್ಕಳು ಹತ್ತನೇ ತರಗತಿ. ಪರೀಕ್ಷೆಯ ಗಡಿಬಿಡಿ ಇದ್ದರೂ ಶನಿವಾರ ಮಧ್ಯಾಹ್ನ ಬರುತ್ತಾರೆ. ಓದು ಬಾರದವರಿಗೆ ಪುಟ ಏನು ಉಪಯೋಗ ಎಂದು ಅಕ್ಕನ ಅತ್ತೆ ಕೇಳಿದ್ದರು, ಆ ಕೆಲಸ ನಡೆದಿದೆ. ಪ್ರತಿ ಬಾಗಿಲಿಗೂ ಒಂದು ಧ್ವನಿ. ಮೊದಲನೆಯದಕ್ಕೆ ಆ ಅಜ್ಜಿಯಿಂದಲೇ ಅವರ ಮಾತಿನಲ್ಲೇ ಹೇಳಿಸಿ, ಅವರ ಮನೆ ಜಗಲಿಯಲ್ಲಿ ಫೋನಿಗೆ ತುಂಬಿಕೊಂಡು ಬಂದಿದ್ದಾರೆ. ಅಜ್ಜಿ ಸೊಗಸಾಗಿ ಹೇಳಿದ್ದಾರೆ. 'ಎಣ್ಣೆ ಹಚ್ಕಳದು ಮರೀಬ್ಯಾಡಿ' ಎನ್ನುವ ಹೊತ್ತಿಗೆ ಸರಿಯಾಗಿ ಹಿಂದೆ ಒಂದು ಹುಂಜ ಕೂಗಿದೆ. ಹುಂಜ ಇರಲಿ ಎಂದು ನಾಲ್ವರು, ತೆಗೆಯಬೇಕೆಂದು ಗೂಗಲ್. ಮುಂದಿನ ಶನಿವಾರ ಎರಡೂ ಬಗೆಯನ್ನು ಏಳು ಜನರಿಗೆ ಕೇಳಿಸುವುದೆಂದು ತೀರ್ಮಾನವಾಗಿದೆ.